ಮಲೆನಾಡಿನ ಮನೆಗಳಲ್ಲಿ ಬೆಕ್ಕಿನ ಸಂರಕ್ಷಣೆ

ಮೂಡಿಗೆರೆ ಮತ್ತು ಕಳಸದ ಸೀಮೆಯಲ್ಲಿ ಬೆಕ್ಕನ್ನು ಸಾಕದ ಒಕ್ಕಲುಮನೆಗಳು ವಿರಳ. ಗದ್ದೆಯ ಕೊಯ್ಲು ಮುಗಿದು ಭತ್ತವು ಕಣಜವನ್ನು ಸೇರಿದೊಡನೆ ಇಲಿಗಳೂ ಅದರ ಬೆನ್ನು ಹತ್ತಿ ಅಟ್ಟವನ್ನು ಸೇರುತ್ತವೆ. ಅವು ಧಾನ್ಯವನ್ನು ತಿಂದು ಕೆಡಿಸುವುದಲ್ಲದೆ ಮೂತ್ರದ ಮೂಲಕ ಇಲಿಜ್ವರವನ್ನೂ ಹರಡುತ್ತವೆ. ಬೆಕ್ಕಾದರೋ ಹಿಡಿ ಹಾಲನ್ನಕ್ಕೆ ವರ್ಷವೆಲ್ಲಾ ಕಾವಲಿರುತ್ತದೆ. ಇಷ್ಟು ಉಪಕಾರಿಯಾದ ಪ್ರಾಣಿಯು ಯಜಮಾನನ ಅಜಾಗರೂಕತೆಯಿಂದಲೇ ಸಾಯುವುದುಂಟು. ಅದನ್ನು ತಪ್ಪಿಸುವ ಕ್ರಮಗಳನ್ನು ಕೆಳಗೆ ವಿವರಿಸಿದೆ.

ಇಲಿಪಾಷಾಣ:— ಝಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಯು ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವನ್ನು ಹುಟ್ಟಿಸುತ್ತದೆ, ಇದಕ್ಕೆ ಪ್ರತ್ಯೌಷಧವಿಲ್ಲ. ಬ್ರೋಮಡಯೋಲೋನ್ ಬಿಲ್ಲೆಯು ರಕ್ತವನ್ನು ಹೆಪ್ಪುಗಟ್ಟಲು ಬಿಡದು. ಅದನ್ನು ತಿಂದ ಇಲಿಯು ಕೂಡಲೇ ಸಾಯದೆ ನಾಲ್ಕಾರು ದಿನ ಮಂಕಾಗಿ ತಿರುಗುವುದರಿಂದ ಬೆಕ್ಕಿನ ಬಾಯಿಗೆ ಸುಲಭವಾಗಿ ಸಿಕ್ಕುತ್ತದೆ. ಅಂತಹ ಇಲಿಗಳನ್ನು ಮೇಲಿಂದ ಮೇಲೆ ತಿಂದ ಬೆಕ್ಕಿಗೆ ಒಳಗೇ ರಕ್ತಸ್ರಾವವಾಗಬಹುದು. ವಸಡು ಬಿಳಿಚಿಕೊಂಡು, ಬೆಕ್ಕು ಸೊರಗಿ ಏದುಸಿರು ಬಿಟ್ಟರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ವಿಟಮಿನ್ ಕೆ೧ ಚಿಕಿತ್ಸೆಯಿಂದ ಬದುಕುವ ಸಂಭವವುಂಟು. ಆದಕಾರಣ ಬೆಕ್ಕಿರುವ ಮನೆಯೊಳಗೆ ವಿಷವನ್ನಿಡದಿರುವುದೇ ಲೇಸು. ಭತ್ತವನ್ನು ಮುಚ್ಚಳವಿರುವ ತಗಡಿನ ಡಬ್ಬಗಳಲ್ಲಿ ತುಂಬಿ, ಗೋಡೆಯ ಬಿಲಗಳನ್ನು ಗಾಜಿನ ಚೂರು ಬೆರೆಸಿದ ಗಾರೆಯಿಂದ ಮುಚ್ಚಿ, ಇಲಿಬೋನುಗಳನ್ನಿಟ್ಟರೆ ಉಳಿದ ಕೆಲಸವನ್ನು ಬೆಕ್ಕು ಮಾಡುತ್ತದೆ.

ತೋಟದ ಔಷಧಿಗಳು:— ಮೈಸೂರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರು ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಂದಿನಿಂದ ಮೈಲುತುತ್ತವು ಮಲೆನಾಡಿನಲ್ಲಿ ಮನೆಮನೆಯ ವಸ್ತುವಾಗಿದೆ. ೧೦೦ ಲೀಟರ್ ನೀರಿಗೆ ೧ ಕಿಲೋ ಮೈಲುತುತ್ತ, ೧ ಕಿಲೋ ಸುಣ್ಣದಂತೆ ಬೆರೆಸುವ ಈ ದ್ರಾವಣವು ಕಾಫಿಗೂ ಬೇಕು. ಬೆಕ್ಕು ತನ್ನ ಮೈಯನ್ನು ನೆಕ್ಕಿ ಶುಚಿಮಾಡುವ ಪ್ರಾಣಿ. ಕಾಲಿಗೆ ಅಂಟಿದ್ದೆಲ್ಲವೂ ಅದರ ಹೊಟ್ಟೆಯನ್ನು ಸೇರುತ್ತದೆ. ಆದುದರಿಂದ ಮೈಲುತುತ್ತ, ಕೀಟನಾಶಕ, ಕಳೆನಾಶಕಗಳನ್ನು ಅಟ್ಟದಲ್ಲಾಗಲಿ ಜಗುಲಿಯಲ್ಲಾಗಲಿ ಇಡದೆ ಬೀಗವಿರುವ ಪ್ರತ್ಯೇಕ ಕೊಠಡಿಯಲ್ಲಿಡತಕ್ಕದ್ದು. ಸಿಂಪರಣೆಯ ಪಂಪನ್ನು ಅಂಗಳದಲ್ಲಿ ತೊಳೆಯಬಾರದು. ಈ ಎಚ್ಚರಿಕೆಯು ಮನೆಯ ಮಕ್ಕಳಿಗೂ ರಕ್ಷೆಯೇ.

ಮನೆಮದ್ದಿನ ಅಪಾಯ:— ನಾಯಿಯ ಉಣುಗಿಗೆ ಹಾಕುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಎಂದಿಗೂ ಹಚ್ಚಕೂಡದು. ನಡುಕ, ಸೆಳವು ಬಂದು ಸಾಯಬಹುದು. ಜ್ವರದ ಪ್ಯಾರಸಿಟಮಾಲ್ ಮಾತ್ರೆ ಒಂದೇ ಆದರೂ ಬೆಕ್ಕಿಗೆ ಪ್ರಾಣಾಂತಿಕ.

ರಾತ್ರಿಯ ಕಾವಲು:— ಕಾಡಂಚಿನ ಮನೆಗಳ ನಾಯಿ, ಬೆಕ್ಕುಗಳನ್ನು ಚಿರತೆ ಹಿಡಿಯುವುದುಂಟು. ಸಂಜೆ ನಿಯತ ವೇಳೆಯಲ್ಲಿ ಅನ್ನವಿಟ್ಟರೆ ಬೆಕ್ಕು ತಾನಾಗಿಯೇ ಮನೆಗೆ ಬರುತ್ತದೆ. ಆಗ ಬಾಗಿಲು ಹಾಕಿ, ಬೆಳಗಿನವರೆಗೆ ಕಣಜದ ಕಡೆಗೆ ಬಿಡಬೇಕು. ಹಸಿದ ಬೆಕ್ಕೇ ಇಲಿಯನ್ನು ಹಿಡಿಯುತ್ತದೆಂಬ ನಂಬಿಕೆ ಸರಿಯಲ್ಲ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಕಟ್ಟೆಯಿಲ್ಲದ ಬಾವಿಗೆ ಜಾಲರಿ ಮುಚ್ಚಿಸುವುದು ಅವಶ್ಯ.

ರೇಬಿಸ್:— ಮರಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಅನಂತರ ಪಶುವೈದ್ಯರ ಸಲಹೆಯಂತೆ ಮುಂದುವರಿಸಬೇಕು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ನೀರಿನಿಂದ ೧೫ ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಗ್ರಾಮ ಪ್ರಮುಖರ ಕರ್ತವ್ಯ:— ಗದ್ದೆಯ ಇಲಿಗಳಿಗೆ ವಿಷವಿಡುವುದು ಅನಿವಾರ್ಯವಾದಾಗ ಊರೆಲ್ಲಾ ಒಂದೇ ದಿನ ಇಟ್ಟರೆ ಫಲ ಹೆಚ್ಚು. ಒಬ್ಬರ ಗದ್ದೆಯ ವಿಷವು ನೆರೆಯವರ ಬೆಕ್ಕನ್ನು ಕೊಲ್ಲದಿರಬೇಕಾದರೆ, ಹಿಂದಿನ ದಿನವೇ ಮನೆಮನೆಗೆ ತಿಳಿವಳಿಕೆ ಕೊಡಿಸಿ, ಬೆಕ್ಕು, ಕೋಳಿಗಳನ್ನು ಕೂಡಿಹಾಕಿಸಬೇಕು. ಸತ್ತ ಇಲಿಗಳನ್ನು ಕೆಲವು ದಿನಗಳವರೆಗೆ ಪ್ರತಿ ಬೆಳಿಗ್ಗೆ ಹುಡುಕಿಸಿ ಆಳವಾಗಿ ಹೂಳಿಸಬೇಕು. ಬೆಕ್ಕು ಸತ್ತ ಮನೆಯಲ್ಲಿ ಮುಂದಿನ ಸುಗ್ಗಿಯ ಭತ್ತಕ್ಕೆ ಕಾವಲಿಲ್ಲದಂತಾಗುವುದನ್ನು ಪ್ರಮುಖರು ಎಲ್ಲರ ಮನಸ್ಸಿಗೂ ತರುವುದು ಒಳಿತು.