ದಾರಿ ತೋರಿಸುವವರ ಸಂಘ: ಶಾಮೊನಿ ಕಣಿವೆಯ ಕಟ್ಟಳೆಗಳು

ಬೆಟ್ಟ ಹತ್ತಲು ಬರುವವರಿಗೆ ದಾರಿ ತೋರಿಸಿ ನಾಲ್ಕು ಕಾಸು ಸಂಪಾದಿಸುವ ತರುಣರು ಈಗ ಬೆಳೆಗಾರರ ಮನೆಗಳಲ್ಲೂ ಇದ್ದಾರೆ. ತೋಟದ ಅಂಚಿನಲ್ಲೊಂದು ಹೋಂಸ್ಟೇ, ಅಂಗಳದಲ್ಲೊಂದು ಜೀಪು, ಶನಿವಾರ ಬಂತೆಂದರೆ ಬೆಂಗಳೂರಿನ ಜನ. ಈ ಕಸುಬಿಗೆ ಕಟ್ಟಳೆ ಬೇಕೇ, ಬೇಕಾದರೆ ಎಂಥದು, ಅದನ್ನು ಯಾರು ಮಾಡಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನಮ್ಮಂಥದೇ ಸಣ್ಣ ಹಿಡುವಳಿದಾರರ ಒಂದು ಊರು ಇನ್ನೂರು ವರ್ಷಗಳ ಹಿಂದೆಯೇ ಈ ಪ್ರಶ್ನೆಯನ್ನು ಎದುರಿಸಿ ಸಂಘ ಕಟ್ಟಿಕೊಂಡಿತು. ಆ ಸಂಗತಿ ಸದಸ್ಯ ಬಾಂಧವರಿಗೆ ಉಪಯುಕ್ತವಾದೀತೆಂದು ನಾವು ಭಾವಿಸುತ್ತೇವೆ.

ಆ ಊರು ಆಲ್ಪ್ಸ್ ಪರ್ವತಗಳ ಮಡಿಲಿನ ಶಾಮೊನಿ. ಈಗ ಫ್ರಾನ್ಸಿನಲ್ಲಿದೆ, ಆಗ ಸಾರ್ಡೀನಿಯದ ಅರಸರ ಆಳ್ವಿಕೆಯಲ್ಲಿತ್ತು. ದನ ಸಾಕಣೆ, ಹುಲ್ಲುಗಾವಲು, ತುಂಡು ಭೂಮಿಯಲ್ಲಿ ಒಂದಿಷ್ಟು ಧಾನ್ಯ, ಇಷ್ಟೇ ಅಲ್ಲಿಯ ಬದುಕು. ಕೆಲವರು ಬಂಡೆಗಳ ಸಂದಿಯಲ್ಲಿ ಸ್ಫಟಿಕ ಹುಡುಕಿ ಮಾರುತ್ತಿದ್ದರು. ಅಂಥ ಒಬ್ಬ ಸ್ಫಟಿಕದವನಾದ ಜಾಕ್ ಬಾಲ್ಮಾ, ಊರಿನ ವೈದ್ಯ ಪಕ್ಕಾರ್ ಜೊತೆಗೂಡಿ 1786ರಲ್ಲಿ ಮೊಂಬ್ಲಾ ಶಿಖರವನ್ನು ಮೊಟ್ಟಮೊದಲು ಹತ್ತಿದ. ಅದರ ಎತ್ತರ 4,800 ಮೀಟರಿಗೂ ಮಿಗಿಲು. ಆಮೇಲೆ ದೂರದೂರದ ಸಿರಿವಂತರು ಬರತೊಡಗಿದರು. ರೈತರು ಬೇಸಗೆಯಲ್ಲಿ ಗೈಡುಗಳಾದರು. ಹುಲ್ಲು ಕೊಯ್ಯುವ ಕಾಲವೂ ಅದೇ ಆದ್ದರಿಂದ ಮನೆಯ ಹೆಂಗಸರಿಗೆ ಕೆಲಸ ಇಮ್ಮಡಿಯಾಗಿರಬೇಕು. ಕಾಫಿ ಕೊಯ್ಲಿನ ಹೊತ್ತಿಗೇ ಚಾರಣದವರನ್ನು ಕಾಣುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

1820ರ ಆಗಸ್ಟಿನಲ್ಲಿ ರಷ್ಯದ ಡಾಕ್ಟರ್ ಹಾಮೆಲ್ ಎಂಬವರು ಇಬ್ಬರು ಆಂಗ್ಲರೊಡನೆ ಮೊಂಬ್ಲಾ ಹತ್ತಲು ಹೊರಟರು. ಜೊತೆಯಲ್ಲಿ ಊರಿನ ಗೈಡುಗಳ ಒಂದು ದೊಡ್ಡ ತಂಡವೇ ಇತ್ತು. ದಾರಿಯಲ್ಲಿ ಬಿರುಗಾಳಿ ಮಳೆ ಹಿಡಿದು ಬಂಡೆಯ ಮೇಲೆ ಡೇರೆ ಹಾಕಿ ಕಾಯಬೇಕಾಯಿತು. ಮೇಲೆ ಹೊಸ ಹಿಮ ಬಿದ್ದಿತ್ತು. ಜೊತೆಗೆ ಬಂದಿದ್ದ ಜಿನೀವಾದವರೊಬ್ಬರು, ತಾವು ಮುಂದೆ ಬರುವುದಿಲ್ಲವೆಂದು ಅಲ್ಲಿಯೇ ಉಳಿದರು. ಗೈಡುಗಳಲ್ಲಿಯೂ ಕೆಲವರಿಗೆ ಹಿಂದಿರುಗುವುದೇ ಲೇಸೆನಿಸಿತ್ತು ಎಂದು ಹೇಳುತ್ತಾರೆ. ಆದರೆ ಹಣ ಕೊಟ್ಟವರ ಮನಸ್ಸು ಮೇಲಕ್ಕಿತ್ತು. ಆಗಸ್ಟ್ 20ರಂದು ಇಳಿಜಾರನ್ನು ಅಡ್ಡಹಾಯುವಾಗ ಹೊಸ ಹಿಮವೆಲ್ಲ ಒಟ್ಟಿಗೆ ಜಾರಿ, ಮುಂದೆ ನಡೆಯುತ್ತಿದ್ದ ಮೂವರು ಗೈಡುಗಳನ್ನು ಹಿಮನದಿಯ ಬಿರುಕಿಗೆ ತಳ್ಳಿತು. ಅತಿಥಿಗಳು ಬದುಕಿ ಮನೆ ಸೇರಿದರು. ಆ ಮೂವರ ಅವಶೇಷಗಳು ಹಿಮನದಿಯ ಬುಡದಲ್ಲಿ ಹೊರಬೀಳತೊಡಗಿದ್ದು 1861ರಲ್ಲಿ, 41 ವರ್ಷಗಳ ಬಳಿಕ.

ಮಾರನೆಯ ವರ್ಷವೇ, ಅಂದರೆ 1821ರಲ್ಲಿ, ಶಾಮೊನಿಯವರು ಗೈಡುಗಳ ಸಂಘವನ್ನು ಸ್ಥಾಪಿಸಿದರು. ಅದರ ಕಟ್ಟಳೆಗಳು ಸಹಕಾರಿಗಳಾದ ನಮಗೆ ಬಹಳ ಪರಿಚಿತವೆನಿಸುತ್ತವೆ. ಕೆಲಸ ಸರದಿಯಂತೆ ಬರಬೇಕು. ಒಬ್ಬನೇ ಎಲ್ಲ ಗಿರಾಕಿಗಳನ್ನು ಬಾಚಿಕೊಳ್ಳಬಾರದು. ಕೂಲಿ ದರ ಮೊದಲೇ ನಿಗದಿಯಾಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಗೈಡುಗಳ ಹಣದಿಂದಲೇ ಒಂದು ಆಪತ್ತಿನ ನಿಧಿ ಇರಬೇಕು. ಗಾಯಗೊಂಡವನಿಗೆ, ಸತ್ತವನ ಹೆಂಡತಿ ಮಕ್ಕಳಿಗೆ ಅದರಿಂದ ನೆರವು. ಆ ಸಂಘ ಇಂದಿಗೂ ಇದೆ. ಪ್ರತಿ ಆಗಸ್ಟ್ 15ರಂದು ನಡೆಯುವ ಗೈಡುಗಳ ಹಬ್ಬದಲ್ಲಿ ಆ ನಿಧಿಗೆ ಹಣ ಕೂಡಿಸುತ್ತಾರೆ.

ಕಟ್ಟಳೆಗಳೆಲ್ಲ ಚೊಕ್ಕವಾಗಿದ್ದುವೆಂದು ನಾವು ಹೇಳುವುದಿಲ್ಲ. ಒಬ್ಬೊಬ್ಬ ಪ್ರವಾಸಿಗೆ ನಾಲ್ಕು ನಾಲ್ಕು ಗೈಡುಗಳೆಂಬ ಲೆಕ್ಕವಿತ್ತು. 1851ರಲ್ಲಿ ಆಲ್ಬರ್ಟ್ ಸ್ಮಿತ್ ಎಂಬ ಆಂಗ್ಲ ಲೇಖಕ ಮೂವರು ಜೊತೆಗಾರರೊಂದಿಗೆ ಹೋದಾಗ 16 ಮಂದಿ ಗೈಡುಗಳನ್ನು ಗೊತ್ತುಮಾಡಬೇಕಾಯಿತು. ಸುರಕ್ಷತೆಯ ಹೆಸರಿನಲ್ಲಿ ಒಂದಿಷ್ಟು ಹೊಟ್ಟೆಪಾಡೂ ಸೇರಿಕೊಂಡಿತ್ತೆಂದರೆ ತಪ್ಪಾಗಲಾರದು. ಸರದಿಯ ವಿಚಾರದಲ್ಲಿಯೂ ಅಷ್ಟೇ. ನುರಿತವನಾಗಲಿ ಎಳಸಾಗಲಿ, ಸರದಿಗೆ ಬಂದವನನ್ನೇ ಒಪ್ಪಿಕೊಳ್ಳಬೇಕೆಂದು ಆಂಗ್ಲ ಪರ್ವತಾರೋಹಿಗಳು ಬಹುಕಾಲ ಗೊಣಗುತ್ತಿದ್ದರು. ಕಾಫಿ ಮಂಡಳಿಯ ಪೂಲ್ ಪದ್ಧತಿ ಕಂಡ ಹಿರಿಯ ಸದಸ್ಯರಿಗೆ, ಆಯ್ಕೆಯಿಲ್ಲವೆಂಬ ಈ ದೂರಿನ ಧಾಟಿ ಹೊಸದಲ್ಲ. ತರಬೇತಿಯಿಲ್ಲದ ಸರದಿ ಅಪಾಯವೇ ಸರಿ. ಈಗ ಫ್ರಾನ್ಸಿನಲ್ಲಿ ಸರಕಾರದ ಡಿಪ್ಲೊಮಾ ಇಲ್ಲದವನು ಹಣ ಪಡೆದು ಪರ್ವತದ ಗೈಡಾಗುವಂತಿಲ್ಲ. ಅದರ ಶಾಲೆ ಇರುವುದೂ ಶಾಮೊನಿಯಲ್ಲೇ.

ಇನ್ನು ನಮ್ಮ ಕಡೆಗೆ ಬರೋಣ. 2018ರ ಮಾರ್ಚ್ 11ರಂದು ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದು 20ಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಮಾರ್ಚಿಯಲ್ಲಿ ಬೋಳುಗುಡ್ಡದ ಹುಲ್ಲು ಹೇಗಿರುತ್ತದೆಂಬುದು ಬೆಂಕಿರೇಖೆ ಕಡಿಸುವ ಪ್ರತಿಯೊಬ್ಬ ತೋಟದವನಿಗೂ ಗೊತ್ತು. ಅದೇ ವರ್ಷ ಅಲ್ಲಿಯ ಸರಕಾರ ಚಾರಣಕ್ಕೆಂದೇ ನಿಯಮಾವಳಿ ತಂದು, ದಾರಿಗಳನ್ನು ಸುಲಭ, ಮಧ್ಯಮ, ಕಠಿಣವೆಂದು ವಿಂಗಡಿಸಿತು. ನಮ್ಮಲ್ಲಿ 1,712 ಮೀಟರ್ ಎತ್ತರದ ಕುಮಾರ ಪರ್ವತದ ದಾರಿ 2024ರ ಜನವರಿಯಲ್ಲಿ ಜಾತ್ರೆಯಂತೆ ತುಂಬಿಹೋದ ಮೇಲೆ ಸರಕಾರ ಎಚ್ಚೆತ್ತು, ಮುಂಗಡ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಯಿತು. ಅದೇ ಅಕ್ಟೋಬರಿನಲ್ಲಿ ಬುಕಿಂಗ್ ವ್ಯವಸ್ಥೆಯನ್ನು ಹೊಸದಾಗಿ ಆರಂಭಿಸಿ, ಒಂದು ದಾರಿಗೆ ದಿನಕ್ಕೆ 300 ಮಂದಿಯೆಂಬ ಮಿತಿ ಹಾಕಿತು.

ಮಿತಿ ಬಂದದ್ದು ಒಳ್ಳೆಯದೇ. ಆದರೆ ಅರ್ಧ ದಾರಿಯಲ್ಲಿ ಮೋಡ ಕವಿದು ಗುಡುಗಿದಾಗ ಹಿಂದಿರುಗೋಣವೆಂದು ಹೇಳಬೇಕಾದವನು ಜೊತೆಯಲ್ಲಿರುವ ನಮ್ಮ ಹುಡುಗ. ಎದುರಿಗೆ ಅವನಿಗಿಂತ ಹಿರಿಯರು, ಓದಿದವರು, ದುಡ್ಡು ಕೊಟ್ಟವರು. “ಸಾರ್, ಇನ್ನು ಬೇಡ” ಎಂದರೆ ಇವರು ಕೂಲಿ ಮುರಿಯುತ್ತಾರೋ, ಮುಂದಿನ ಬಾರಿ ಬೇರೆಯವನನ್ನು ಕರೆಯುತ್ತಾರೋ ಎಂಬ ಅಳುಕು ಅವನಿಗಿದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ ಶಿಖರ ಮುಟ್ಟಲಿ ಬಿಡಲಿ ಕೂಲಿ ಅಷ್ಟೇ, ಅದೂ ಹೊರಡುವ ಮೊದಲೇ ಸಂದಾಯ, ಹಿಂದಿರುಗುವ ಗಂಟೆ ಗೈಡಿನ ಮಾತಿನಂತೆ ಎಂದು ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಮೊದಲೇ ಬರೆದುಕೊಡುವುದು ಅಗತ್ಯವೆಂದು ನಮ್ಮ ಅಭಿಪ್ರಾಯ. ಹುಡುಗ ಪ್ರಥಮ ಚಿಕಿತ್ಸೆ ಕಲಿತಿರಬೇಕು. ಅವನ ಹೆಸರಿನಲ್ಲಿ ಅಪಘಾತ ವಿಮೆ ಇರಬೇಕು. ಅತಿಥಿಗೆ ಮಾತ್ರ ವಿಮೆ ಮಾಡಿಸಿ ಗೈಡನ್ನು ಮರೆಯುವುದು ನ್ಯಾಯವಲ್ಲ.

ನಿಧಿಯ ಮಾತು ಉಳಿಯಿತು. ಒಂದೊಂದು ಚಾರಣದ ಕೂಲಿಯಲ್ಲಿ ಇಂತಿಷ್ಟು, ಹೋಂಸ್ಟೇಯವರ ಪಾಲು ಇಂತಿಷ್ಟು ಎಂದು ಕೂಡಿಸಿ ಸಂಘದಲ್ಲಿ ಪ್ರತ್ಯೇಕ ಠೇವಣಿ ಇಡಬಹುದೇ, ಅದಕ್ಕೆ ಬೈಲಾ ತಿದ್ದುಪಡಿ ಬೇಕಾದೀತೇ ಎಂಬುದನ್ನು ಚರ್ಚಿಸಬೇಕಾಗಿದೆ. ಮನೆಯಿಂದ ಗೈಡಾಗಿ ಹೋಗುವವರಿರುವ ಸದಸ್ಯರು ತಮ್ಮ ಅಭಿಪ್ರಾಯವನ್ನು ಒಂದು ಕಾಗದದಲ್ಲಿ ಬರೆದು, ಗೊಬ್ಬರ ಒಯ್ಯಲು ಬರುವಾಗ ಕಚೇರಿಯಲ್ಲಿ ಕೊಟ್ಟು ಹೋಗಬೇಕಾಗಿ ಕೋರುತ್ತೇವೆ.