ಕೆಸರಿನ ಫಸಲು ಅಳೆಯೋದು ಹೇಗೆ?

ಕುಮಟಾ ಹತ್ತಿರದ ಅಘನಾಶಿನಿ ಅಳಿವೆ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಜಾಗ. ನೀರು ಇಳಿದದ್ದೇ ತಡ, ಬುಟ್ಟಿ ಹಿಡಿದ ಹೆಂಗಸರು ಬಳಚು ಅನ್ನೋ ಚಿಪ್ಪುಜೀವಿ ಹೆಕ್ಕೋಕೆ ಬಂದಾಯ್ತು.

ಈ ಕೆಸರಿನ ಇಳುವರಿ ತಿಳಿಯೋಕೆ ಇವತ್ತಿನ ಬುಟ್ಟಿಯ ತೂಕ ಸಾಲದು. ವರ್ಷಕ್ಕೆ ಹೊಸದಾಗಿ ಎಷ್ಟು ಮಾಂಸ ಬೆಳೀತು ಅನ್ನೋದೇ ಲೆಕ್ಕ. ತಕ್ಕಡೀಲಿ ಬಳಚು ಗೆಲ್ಲಬಹುದು. ಆದರೆ ಬೇಗ ಹುಟ್ಟಿ ಬೇಗ ಸಾಯುವ ಸಣ್ಣ ಹುಳುಗಳು ವರ್ಷದಲ್ಲಿ ತಮ್ಮ ತೂಕದ ಹಲವು ಪಟ್ಟು ಬೆಳೆಯುತ್ತವೆ. ಅದರಲ್ಲಿ ಬಹಳಷ್ಟು ಮೀನು, ಏಡಿ, ಹಕ್ಕಿಗಳ ಹೊಟ್ಟೆ ಸೇರುತ್ತೆ, ಹಾಗಾಗಿ ನಮಗೆ ಕಾಣೋದಿಲ್ಲ ಅಷ್ಟೇ.

ಇಳುವರಿಯಲ್ಲಿ ಜಾಗದ ಗುಣದ ಪಾಲೂ ಉಂಟು. ಅಲೆ ಕೆದಕುವ ಬರೀ ಮರಳಲ್ಲಿ ಆಹಾರ ನಿಲ್ಲೋದಿಲ್ಲ. ತೀರಾ ನುಣ್ಣನೆಯ ಕೆಸರನ್ನು ನಾಲ್ಕು ಬೆರಳು ಬಗೆದರೆ ಕಪ್ಪು ಬಣ್ಣ, ಕೊಳೆತ ಮೊಟ್ಟೆ ವಾಸನೆ: ಅಲ್ಲಿ ಆಮ್ಲಜನಕವಿಲ್ಲ. ಎರಡೂ ಬೆರೆತ ಕಡೆ ಬಳಚಿಗೆ ಹದ. ಮಳೆಗಾಲದಲ್ಲಿ ಸಿಹಿನೀರು ನುಗ್ಗಿದರೆ ಆ ಹದವೂ ಏರುಪೇರು.