ಒಂದೇ ಕಲ್ಲು, ಎರಡು ಬಾಟಲಿ

ಹಲಕುಂದಿಯಿಂದ ಬಳ್ಳಾರಿ ದಾಟಿ ಕುರುಗೋಡಿನ ಹಾದಿ ಹಿಡಿದರೆ ಬಂಡೆಗುಡ್ಡಗಳು ಬೆನ್ನು ಬಿಡುವುದಿಲ್ಲ. ಕಂಪ್ಲಿ ಸೇತುವೆ ಮೇಲೆ ತುಂಗಭದ್ರೆಯನ್ನು ದಾಟಿದ ಮೇಲೆ ಗಂಗಾವತಿಯ ಭತ್ತದ ಗದ್ದೆ. ಗದ್ದೆ ಮುಗಿದು ಮತ್ತೆ ಬಂಡೆ ತಲೆಯೆತ್ತುವ ಕೊಪ್ಪಳ ಜಿಲ್ಲೆಯ ಒಣನೆಲದಲ್ಲಿ ಕ್ರಿಸ್ಮಾ ಎಸ್ಟೇಟ್ ಎಂಬ ವೈನ್ ತೋಟವಿದೆ. ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ 2008ರ ಸುಮಾರಿಗೆ ಇಲ್ಲಿ ಕ್ಯಾಬರ್ನೆ ಸುವಿನ್ಯೋ, ಸಾಂಜಿಯೋವೆಸೆ ದ್ರಾಕ್ಷಿ ಬಳ್ಳಿಗಳನ್ನು ಹಬ್ಬಿಸಿದರು. ಬಾಟಲಿಯ ಮೇಲೆ ಊರಿನ ಗುರುತು: ಹಂಪಿ ಹಿಲ್ಸ್.

ಈ ನೆಲ ನೋಡಿದಾಗಲೆಲ್ಲ ನನಗೆ ನೆನಪಾಗುವುದು ಫ್ರಾನ್ಸಿನ ಬೋಜೊಲೆ. ಲಿಯೋನ್ ನಗರದ ಉತ್ತರಕ್ಕಿರುವ ಆ ಸೀಮೆಯ ಒಳ್ಳೆಯ ತೋಟಗಳ ಅಡಿಗೂ ಗ್ರಾನೈಟೇ. ಸವೆದು ಪುಡಿಯಾದ ಆ ಗುಲಾಬಿ ಕಲ್ಲನ್ನು ಅಲ್ಲಿನವರು ‘ಗೋರ್’ ಅನ್ನುತ್ತಾರೆ. ನಮ್ಮವರ ಬಾಯಲ್ಲಿ ಅದು ಗರಸು. ಮೂಲಾನ್ ಆ ವಾಂ ಎಂಬಲ್ಲಿ ಮಣ್ಣಿಗೆ ಮ್ಯಾಂಗನೀಸ್ ಬೆರೆತಿದೆ, ಅಲ್ಲಿನ ವೈನಿನ ಗಟ್ಟಿತನಕ್ಕೆ ಅದೇ ಕಾರಣವೆಂದು ಹೇಳುವವರಿದ್ದಾರೆ. ಸಂಡೂರಿನ ಮ್ಯಾಂಗನೀಸ್ ಗಣಿ ಕಂಡ ನಮಗೆ ಇದು ಪಕ್ಕದೂರಿನ ಸುದ್ದಿಯಂತಿದೆ. ವಯಸ್ಸಿನಲ್ಲಿ ಮಾತ್ರ ನಮ್ಮದೇ ಹಿರಿತನ: ಅವರ ಕಲ್ಲಿಗೆ 30 ಕೋಟಿ ವರ್ಷದ ಮೇಲಾದರೆ ನಮ್ಮದಕ್ಕೆ ಸುಮಾರು 250 ಕೋಟಿ.

ಬೋಜೊಲೆಯ ಗಮೇ ದ್ರಾಕ್ಷಿಯನ್ನು 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ತನ್ನ ನಾಡಿನಿಂದ ಕಿತ್ತೆಸೆಯಲು ಆಜ್ಞೆ ಮಾಡಿದ್ದ. ಹೊರಬಿದ್ದ ಬಳ್ಳಿ ದಕ್ಷಿಣದ ಗ್ರಾನೈಟಿನಲ್ಲಿ ಬೇರು ಬಿಟ್ಟಿತು. ಇವತ್ತಿಗೂ ಬರ್ಗಂಡಿಯ ಬಾಟಲಿಯ ಮುಂದೆ ಬೋಜೊಲೆಯದು ಎಷ್ಟೋ ಸೋವಿ.

ಹಾಗಾದರೆ ನಮ್ಮ ಬಂಡೆಯ ವೈನೇಕೆ ಸೋವಿಯಲ್ಲ? ಕಲ್ಲು ಒಂದೇ ಆದರೂ ಕಾಲ ಬೇರೆ. ಅಲ್ಲಿ ಚಳಿ ಬಳ್ಳಿಯನ್ನು ಮಲಗಿಸುತ್ತದೆ. ಇಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ, ಕತ್ತರಿಯೇ ಅದಕ್ಕೆ ಚಳಿಗಾಲ. ವಿಜಯಪುರದ ದ್ರಾಕ್ಷಿ ರೈತರು ಚಾಟ್ನಿ ಅನ್ನುವ ಸವರುವ ಕೆಲಸ ವರ್ಷಕ್ಕೆ ಎರಡು ಸಲ: ಬೇಸಿಗೆಯಲ್ಲಿ ಕಡ್ಡಿಗಾಗಿ, ಮಳೆ ಹಿಂದೆ ಸರಿದ ಮೇಲೆ ಹಣ್ಣಿಗಾಗಿ. ಆಳಿನ ಕೂಲಿ ಎರಡು ಸಲ, ಕೊಯ್ಲು ಒಂದೇ. ಬಿಸಿಲು ಏರಿದರೆ ಹಣ್ಣಿನಲ್ಲಿ ಸಕ್ಕರೆ ಮುನ್ನುಗ್ಗಿ ಹುಳಿ ಇಳಿದುಹೋಗುತ್ತದೆ. ಬಳ್ಳಾರಿ ಸೀಮೆಯ ಬಿಸಿಲನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಚಳಿಗಾಲದ ತಂಪು ರಾತ್ರಿಗಳಷ್ಟೇ ಆಸರೆ. ಇದರ ಮೇಲೆ ರಾಜ್ಯಕ್ಕೊಂದು ಅಬಕಾರಿ ಕಾಯಿದೆ. ಕರ್ನಾಟಕ 2007ರಲ್ಲಿ ವೈನ್ ನೀತಿ ತಂದು ಬೆಳೆಗಾರರಿಗೆ ದಾರಿ ಮಾಡಿಕೊಟ್ಟಿತು, ನಿಜ. ಆದರೆ ಗಡಿ ದಾಟಿದ ಬಾಟಲಿ ಪರದೇಶಿ. ಇನ್ನು ಬೋಜೊಲೆಯನ್ನೇ ತರಿಸೋಣವೆಂದರೆ, ವಿದೇಶಿ ವೈನಿನ ಮೇಲೆ ಬಹುಕಾಲ ಇದ್ದದ್ದು ಶೇ 150ರ ಸುಂಕ. ಲಿಯೋನಿನ ಸೋವಿ ಬೆಂಗಳೂರಿಗೆ ಬರುವಷ್ಟರಲ್ಲಿ ಸಿರಿವಂತರ ಪಾಲು.

ಈ ನೆಲಕ್ಕೆ ದ್ರಾಕ್ಷಿ ಹೊಸದೂ ಅಲ್ಲ. 1520ರ ಸುಮಾರಿಗೆ ವಿಜಯನಗರದ ಪೇಟೆ ಸುತ್ತಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್ ಹಣ್ಣಿನ ದರ ಬರೆದಿಟ್ಟಿದ್ದಾನೆ: ದ್ರಾಕ್ಷಿ ಒಂದು ಪಣದ ನಾಣ್ಯಕ್ಕೆ ಮೂರು ಗೊಂಚಲು. ಆಗಲೂ ಅದು ಬಡವರ ಹಣ್ಣಾಗಿರಲಿಲ್ಲ ಅನ್ನಿಸುತ್ತದೆ, ಏಕೆಂದರೆ ಅದೇ ಪಣಕ್ಕೆ ದಾಳಿಂಬೆ ಹತ್ತು ಬರುತ್ತಿತ್ತು.